ಚಿತ್ರಾನ್ನ ಹಂಚಿದ್ರೆ ಪಾಲುದಾರಿಕೆ ಆಗುತ್ತಾ?

ಈ ಸಲ ಬಂದ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಗುಡ್ಡೆ ಹಾಕಿ ನೋಡಿದ್ರೆ ಮುಕ್ಕಾಲು ಪಾಲು ಪರಿಸರದ್ದೇ, ಜೂನ್ ಐದು ಹತ್ರ ಬಂತಲ್ಲ, ಎಲ್ರಿಗೂ ಗಿಡ ನೆನಪಾಗುತ್ತೆ. ಆದ್ರೆ ನಾಲ್ಕು ಪತ್ರ ಮಾತ್ರ ಬೇರೆ ತರ ಇದ್ವು, ಗಿಡ ಯಾವ್ದು ನೆಡ್ಬೇಕು ಅಂತ ಕೇಳದೆ, ಯಾರ ಜೊತೆ ಸೇರಿ ಹೆಂಗೆ ಕೆಲ್ಸ ಮಾಡ್ಬೇಕು ಅಂತ ಕೇಳಿದ್ವು. ಅದಕ್ಕೇ ಈ ತಿಂಗಳು ಅವೇ, ಕೊನೇಲಿ ಮಾತ್ರ ಹಾಲಿನ ಪ್ಯಾಕೆಟ್ಟಿನ ಒಂದು ಹಳೇ ಬಾಕಿ. ಕೂದಲು ಉದುರೋ ಪ್ರಶ್ನೆ ಕಳ್ಸಿದವರು ಸ್ವಲ್ಪ ಕಾಯಿರಿ.

ಪ್ರಶ್ನೆ: ಮೇಡಂ, ನಮ್ದು ಬೆಂಗಳೂರಲ್ಲಿ 180 ಮನೆಯ ಅಪಾರ್ಟ್‌ಮೆಂಟು. ಹೋದ ವರ್ಷ ಪರಿಸರ ದಿನಕ್ಕೆ ನಮ್ಮ ಏರಿಯಾದಲ್ಲಿ ಚಿಂದಿ ಆಯೋ ಹೆಂಗಸರನ್ನ ಕರೆದು ಶಾಲು ಹೊದಿಸಿ, ಗ್ಲೌಸ್ ಕೊಟ್ಟು, ಚಿತ್ರಾನ್ನ ಕೇಸರಿಬಾತ್ ಹಂಚಿದ್ವಿ. ಈ ವರ್ಷ ಕರೆದ್ರೆ "ಬರಲ್ಲಮ್ಮಾ, ಟೈಮಿಲ್ಲ" ಅಂದ್ಬಿಟ್ರು. ನಮಗೆ ಬೇಜಾರಾಯ್ತು. ಅವರ ಜೊತೆ ಸರಿಯಾದ ಪಾರ್ಟ್‌ನರ್‌ಶಿಪ್ ಮಾಡ್ಕೊಳ್ಳೋದು ಹೇಗೆ?
– ಅಸೋಸಿಯೇಷನ್ ಸೆಕ್ರೆಟರಿ, ಬೆಂಗಳೂರು

ಉತ್ತರ: ಮೊದಲು ಒಂದು ವಿಷ್ಯ ಹೇಳಿ, ನಿಮ್ಮ ಫಂಕ್ಷನ್ ಎಷ್ಟು ಹೊತ್ತಿಗಿತ್ತು? ಬೆಳಿಗ್ಗೆ ಹತ್ತಕ್ಕೆ ತಾನೇ? ಅಲ್ಲೇ ಇದೆ ನೋಡಿ. ಅವರು ಬೆಳಿಗ್ಗೆ ಐದಕ್ಕೆಲ್ಲಾ ಚೀಲ ತಗೊಂಡು ಹೊರಡ್ತಾರೆ, ಪಾಲಿಕೆ ಗಾಡಿ ಬಂದು ಎತ್ತೋದ್ರೊಳಗೆ ಆಯ್ಕೋಬೇಕು, ಆಯ್ದಿದ್ದನ್ನ ವಿಂಗಡಿಸಿ ಗುಜರಿ ಅಂಗಡಿಗೆ ಹಾಕಿದ್ರೆ ಆವತ್ತಿನ ದುಡ್ಡು. ನೀವು ಶಾಲು ಹೊದ್ಸೋ ಅಷ್ಟ್ರಲ್ಲಿ ಅವರ ಅರ್ಧ ದಿನದ ಸಂಪಾದನೆ ಹೋಯ್ತು. ಕೇಸರಿಬಾತ್ ಎಷ್ಟೇ ತುಪ್ಪ ಹಾಕಿ ಮಾಡಿದ್ರೂ ಅದಕ್ಕೆ ಸಮ ಆಗಲ್ಲ ಬಿಡಿ.

ಇನ್ನು ಆ ಗ್ಲೌಸ್. ನಾನು ಒಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ, ಶೀಟಿನ ಶೆಡ್ಡು, ಒಳಗೆ ಕಾದ ಬಾಣಲೆ ತರ ಬಿಸಿ. ಅಲ್ಲೊಬ್ಬ ಅಕ್ಕ ಪ್ಲಾಸ್ಟಿಕ್ ವಿಂಗಡಿಸ್ತಿದ್ರು, ಕಣ್ಣು ನಮ್ಮ ಕಡೆ ಇದೆ, ಬಾಯಿ ಮಗಳ ಸ್ಕೂಲ್ ಫೀಸ್ ಬಗ್ಗೆ ಮಾತಾಡ್ತಿದೆ, ಕೈ ಮಾತ್ರ ಅದರ ಪಾಡಿಗೆ ಕವರ್ ಹಿಸುಕಿ ಹಿಸುಕಿ ಮೂರು ಗುಡ್ಡೆಗೆ ಎಸೀತಿದೆ. ಹೆಂಗೆ ಗೊತ್ತಾಗುತ್ತೆ ಅಂದ್ರೆ "ಸದ್ದು ಕೇಳಿ" ಅಂದ್ರು. ಪರಪರ ಅನ್ನೋದು ಬೇರೆ, ಮೆತ್ತಗೆ ಮಡಿಸ್ಕೊಳ್ಳೋದು ಬೇರೆ, ಚಿಪ್ಸ್ ಪ್ಯಾಕೆಟ್ ತರ ಒಳಗೆ ಬೆಳ್ಳಿ ಬಣ್ಣ ಇರೋದು ಯಾರೂ ಕೊಳ್ಳದೇ ಇರೋದು. ನೀವು ಕೊಟ್ಟಿರೋ ದಪ್ಪ ರಬ್ಬರ್ ಗ್ಲೌಸ್ ಹಾಕ್ಕೊಂಡ್ರೆ ಬೆರಳಿಗೆ ಈ ಯಾವ್ದೂ ತಿಳಿಯಲ್ಲ. ಗ್ಲೌಸ್ ಬೇಕು, ಖಂಡಿತ ಬೇಕು, ಗಾಜು ಚುಚ್ಚುತ್ತೆ, ಸೂಜಿ ಚುಚ್ಚುತ್ತೆ. ಯಾವ ತರದ್ದು ಅಂತ ಕೊಳ್ಳೋ ಮುಂಚೆ ಅವರನ್ನ ಒಂದು ಮಾತು ಕೇಳ್ಬಹುದಿತ್ತಲ್ಲ. ನೀವು ಪಾರ್ಟ್‌ನರ್‌ಶಿಪ್ ಅಂದ್ರಲ್ಲ, ಅದು ಶುರುವಾಗೋದೇ ಆ ಒಂದು ಮಾತಿಂದ.

ಸ್ವಲ್ಪ ಹಿಂದಿನ ಕತೆ ಹೇಳ್ತೀನಿ, ಯಾಕಂದ್ರೆ ಬೆಂಗಳೂರಲ್ಲಿ ಇದು ಆಗಿರೋ ಕೆಲ್ಸಾನೇ. ಹೈಕೋರ್ಟಿನ ಲೋಕ ಅದಾಲತ್‌ನಲ್ಲಿ ಊರಿನ ಕಸದ ಕೇಸು ನಡೀತಿದ್ದಾಗ, ಈ ಜನಾನೂ ಊರಿನ ಕಸ ಕಮ್ಮಿ ಮಾಡ್ತಿದಾರೆ, ಇವರನ್ನೂ ಲೆಕ್ಕಕ್ಕೆ ತಗೊಳ್ಳಿ ಅನ್ನೋ ವಾದ ಬಂತು, ಅದರ ಫಲವಾಗಿ 2011ರಲ್ಲಿ ಬಿಬಿಎಂಪಿ ಚಿಂದಿ ಆಯೋರಿಗೆ ಗುರುತಿನ ಚೀಟಿ ಕೊಡೋಕೆ ಶುರು ಮಾಡ್ತು. ಒಂದು ಕಾರ್ಡಲ್ವಾ ಅನ್ಬೇಡಿ. ಅದಕ್ಕೆ ಮುಂಚೆ ನಸುಕಲ್ಲಿ ಚೀಲ ಹೊತ್ತುಕೊಂಡು ಹೋಗ್ತಿದ್ರೆ ಕಳ್ಳರು ಅಂತ ಹಿಡಿಯೋರು, ಕಾರ್ಡು ಕುತ್ತಿಗೇಲಿ ಇದ್ರೆ ಪೊಲೀಸ್ನೋರೂ ಒಂದ್ಸಲ ಯೋಚನೆ ಮಾಡ್ತಾರೆ. ಆಗ ಕಸ ಆಯೋರ ಜೊತೆ ಕೆಲ್ಸ ಮಾಡ್ತಾ ಹುಟ್ಟಿಕೊಂಡಿದ್ದು ಹಸಿರು ದಳ ಅನ್ನೋ ಸಂಸ್ಥೆ. ಆಮೇಲೆ ವಾರ್ಡಿಗೊಂದು ಒಣ ಕಸ ಕೇಂದ್ರ ಅಂತ ಆಯ್ತು, ಅದ್ರಲ್ಲಿ ಎಷ್ಟೋ ಕೇಂದ್ರಗಳನ್ನ ಈಗ ನಡೆಸ್ತಿರೋರು ಮುಂಚೆ ಬೀದೀಲಿ ಆಯ್ತಿದ್ದೋರೇ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಎರಡು ಬಕೆಟ್ ಒಂದು ಬ್ಯಾಗ್ ಪದ್ಧತಿ ಕಡ್ಡಾಯ ಮಾಡ್ತಲ್ಲ, ಹಸಿರು ಬಕೆಟ್ ಹಸಿ ಕಸಕ್ಕೆ, ಕೆಂಪು ಬಕೆಟ್ ಪ್ಯಾಡು ಡೈಪರಿಗೆ, ಬ್ಯಾಗು ಒಣ ಕಸಕ್ಕೆ, ಅದನ್ನ ಮನೆಮನೆಗೆ ಹೇಳಿಕೊಟ್ಟಿದ್ದು ನಿಮ್ಮಂಥ ಅಪಾರ್ಟ್‌ಮೆಂಟಿನ ಹೆಂಗಸರೇ, ರಜಾ ದಿನ ಬಾಗಿಲು ಬಾಗಿಲು ತಟ್ಟಿ. ಮೇಲಿನ ಮನೆಯೋರು ವಿಂಗಡಿಸಿದ್ರೆ ಕೆಳಗಿನ ಶೆಡ್ಡಿನೋರಿಗೆ ಕೊಳೆತಿರದ ಮಾಲು ಸಿಗುತ್ತೆ. ಇವರಿಲ್ಲದೆ ಅವರಿಗಾಗಲ್ಲ, ಅವರಿಲ್ಲದೆ ಇವರ ವಿಂಗಡಣೆಗೆ ಅರ್ಥ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಿಮ್ಮ ಒಣ ಕಸ ಯಾರಿಗೆ ಹೋಗುತ್ತೆ ಅಂತ ಮೊದಲು ನೋಡಿ. ಎಷ್ಟೋ ಕಡೆ ಬೆಲೆ ಬರೋ ರಟ್ಟು, ಪೇಪರ್, ಪೆಟ್ ಬಾಟಲ್ ಎಲ್ಲಾ ಅಸೋಸಿಯೇಷನ್ನೇ ಮಾರ್ಕೊಂಡು, ಬೆಲೆ ಇಲ್ಲದ ಕವರ್ ಮಾತ್ರ ಅವರಿಗೆ ದಾನ ಮಾಡುತ್ತೆ, ಇದಕ್ಕೆ ಸಹಾಯ ಅಂತ ಹೆಸ್ರು ಬೇರೆ. ಕೊಟ್ರೆ ಎರಡೂ ಕೊಡಿ, ಮತ್ತೆ ಎತ್ಕೊಂಡು ಹೋಗೋ ಕೆಲ್ಸಕ್ಕೆ ತಿಂಗಳಿಗಿಷ್ಟು ಅಂತ ದುಡ್ಡೂ ಕೊಡಿ. ಪುಣೆಯಲ್ಲಿ ಸ್ವಚ್ಛ್ ಅಂತ ಕಸ ಆಯೋರದ್ದೇ ಸಹಕಾರ ಸಂಘ ಇದೆ, 2008ರಿಂದ ಪಾಲಿಕೆ ಜೊತೆ ಒಪ್ಪಂದ ಮಾಡ್ಕೊಂಡು ಮನೆಮನೆಯಿಂದ ಕಸ ತಗೋತಾರೆ, ಮನೆಯೋರು ಶುಲ್ಕ ಕೊಡ್ತಾರೆ, ಒಣ ಕಸ ಮಾರಿದ ದುಡ್ಡೂ ಅವರದ್ದೇ. ಅದಕ್ಕೆ ಹದಿನೈದು ವರ್ಷ ಮುಂಚೆ, 1993ರಲ್ಲಿ, ಅವರು ಯೂನಿಯನ್ ಕಟ್ಕೊಂಡಿದ್ರು ಅನ್ನೋದನ್ನ ಮರೀಬೇಡಿ, ಆ ಯೂನಿಯನ್ ಇದ್ದಿದ್ದಕ್ಕೇ ಪಾಲಿಕೆ ಎದುರು ಕೂತು ಮಾತಾಡೋಕಾಗಿದ್ದು.

ಒಪ್ಪಂದ ಕಾಗದದಲ್ಲಿರ್ಲಿ, ಕನ್ನಡದಲ್ಲಿರ್ಲಿ, ಓದೋಕೆ ಬರದಿದ್ರೆ ಓದಿ ಹೇಳಿ, ಒಂದು ಕಾಪಿ ಅವರ ಹತ್ರಾನೇ ಇರ್ಲಿ. ರೇಟು ಬಿದ್ದಾಗ ಏನು ಅನ್ನೋದನ್ನೂ ಬರೀರಿ, ಪ್ಲಾಸ್ಟಿಕ್ ರೇಟು ಈರುಳ್ಳಿ ತರ ಏರಿ ಇಳಿಯುತ್ತೆ. ಕೊನೇದು, ಇದನ್ನ ಕೇಳೋಕೆ ಮುಜುಗರ ಆಗ್ಬೋದು, ನಿಮ್ಮ ಬಿಲ್ಡಿಂಗಿನ ಟಾಯ್ಲೆಟ್ ಅವರು ಉಪಯೋಗಿಸ್ಬೋದಾ? ವಾಚ್‌ಮ್ಯಾನ್‌ಗೆ ಏನು ಹೇಳಿದೀರಿ? ಅದು ಸರಿ ಆದ ದಿನ ಶಾಲು ಬೇಕಿರಲ್ಲ.

ಪ್ರಶ್ನೆ: ಅಕ್ಕ, ನಮ್ಮೂರು ಬೆಂಗಳೂರಿಗೆ ಸುಮಾರು ಮೂವತ್ತು ಕಿಲೋಮೀಟರ್. ಊರ ಪಕ್ಕದ ಹಳೇ ಕಲ್ಲು ಕ್ವಾರಿಗೆ ಸಿಟಿ ಕಸ ತಂದು ಹಾಕ್ತಾರಂತೆ. ಒಂದು ಕಂಪನಿಯೋರು ಬಂದು ಸ್ಕೂಲಿಗೆ ಬಣ್ಣ ಹೊಡಿಸ್ತೀವಿ, ಸಾವಿರ ಗಿಡ ನೆಡ್ತೀವಿ, "ಸಮುದಾಯ ಸಹಭಾಗಿತ್ವ" ಅನ್ನೋ ಪತ್ರಕ್ಕೆ ಸೈನ್ ಹಾಕಿ ಅಂತಿದಾರೆ. ಊರಲ್ಲಿ ಎರಡು ಪಾರ್ಟಿ ಆಗಿದೆ. ಹಾಕ್ಬೇಕಾ ಬೇಡ್ವಾ?
– ಒಬ್ಬ ಯುವ ರೈತ, ಬೆಂಗಳೂರು ಗ್ರಾಮಾಂತರ

ಉತ್ತರ: ಇವತ್ತು ಹಾಕ್ಬೇಡಿ ತಮ್ಮಾ. ಪತ್ರದ ಎಲ್ಲಾ ಪುಟ ಫೋಟೋ ಹೊಡ್ಕೊಳ್ಳಿ, ನಾಳೆ ಬನ್ನಿ ಅಂತ ಕಳ್ಸಿ. ಒಳ್ಳೇ ಉದ್ದೇಶದೋರಾದ್ರೆ ನಾಳೆನೂ ಬರ್ತಾರೆ.

ನೀವು ಚಿಕ್ಕೋರು, ಅದಕ್ಕೆ ಹೇಳ್ತೀನಿ. ಹೆಸರಘಟ್ಟ ಕಡೆ ಮಾವಳ್ಳಿಪುರ ಅಂತ ಇದೆ, ವರ್ಷಗಟ್ಟಲೆ ಅಲ್ಲಿಗೆ ಬೆಂಗಳೂರಿನ ಕಸ ಹೋಯ್ತು, ಕಸದ ರಸ ಕೆರೆ ಬಾವಿಗೆ ಇಳೀತು, ಊರೋರು ಕೂಗಿ ಕೂಗಿ 2012ರಲ್ಲಿ ನಿಂತ್ತು. ನಿಂತಿದ್ದೇ ಸಿಟಿ ರಸ್ತೇಲೆಲ್ಲಾ ಕಸದ ರಾಶಿ ಬಿತ್ತು, ಆಗ್ಲೇ ಎಷ್ಟೋ ಜನಕ್ಕೆ ನಮ್ಮ ಕಸ ಒಂದು ಊರಿಗೆ ಹೋಗ್ತಿತ್ತು, ಆ ಊರಿಗೊಂದು ಹೆಸರಿದೆ ಅಂತ ಗೊತ್ತಾಗಿದ್ದು. ಆಮೇಲೆ ಆ ಭಾರವೆಲ್ಲಾ ಮಂಡೂರಿನ ಮೇಲೆ ಬಿತ್ತು. ಅಲ್ಲಿನ ಜನ 2014ರಲ್ಲಿ ಲಾರಿ ತಡೆದು ಕೂತ್ರು, ಆ ವರ್ಷ ಡಿಸೆಂಬರ್ 1ಕ್ಕೆ ಸರ್ಕಾರ ನಿಲ್ಲಿಸ್ತು. ಆಮೇಲೆ ಬೆಳ್ಳಹಳ್ಳಿ, ಮಿಟಗಾನಹಳ್ಳಿ ಕ್ವಾರಿಗಳು. ಕಸ ಕಮ್ಮಿ ಆಗಿ ನಿಂತಿದ್ದಲ್ಲ ಇದು, ಊರು ಬದಲಾಯ್ತು ಅಷ್ಟೇ. ಒಂದೂರು ಗೆದ್ರೆ ಪಕ್ಕದೂರಿನೋರು ಮೂಗು ಮುಚ್ಕೋಬೇಕು.

ನಮ್ಮಲ್ಲಿ ಮಾತ್ರ ಹಿಂಗಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ವಾರೆನ್ ಕೌಂಟಿ ಅಂತ, ಬಡ ಕಪ್ಪು ಜನ ಜಾಸ್ತಿ ಇರೋ ಜಾಗ, 1982ರಲ್ಲಿ ಪಿಸಿಬಿ ಅನ್ನೋ ವಿಷ ಬೆರೆತ ಮಣ್ಣನ್ನ ಅಲ್ಲಿ ಹೂಳೋಕೆ ಸರ್ಕಾರ ಹೊರಟ್ತು. ಜನ ಲಾರಿ ಮುಂದೆ ರಸ್ತೇಲಿ ಮಲಗಿದ್ರು, ಐನೂರಕ್ಕೂ ಹೆಚ್ಚು ಬಂಧನ ಆಯ್ತು. ಆದ್ರೂ ಹೂತೇಬಿಟ್ರು, ಆ ಮಣ್ಣನ್ನ ಶುದ್ಧ ಮಾಡಿ ಮುಗಿಸಿದ್ದು 2003ರಲ್ಲಿ. ಆದ್ರೆ ಕಸದ ಗುಂಡಿ ತೋಡೋರು ಯಾವಾಗ್ಲೂ ಯಾರ ಮನೆ ಪಕ್ಕ ಜಾಗ ಹುಡುಕ್ತಾರೆ ಅನ್ನೋ ಪ್ರಶ್ನೆ ಅಲ್ಲಿಂದಾನೇ ದೊಡ್ಡದಾಯ್ತು, ಪರಿಸರ ನ್ಯಾಯ ಅನ್ನೋ ಮಾತು ಜನರ ಬಾಯಿಗೆ ಬಂದಿದ್ದೇ ಆ ಹೋರಾಟದಿಂದ. ಮುಂದಿನ ವರ್ಷಾನೇ ಅವರ ಸರ್ಕಾರಿ ಲೆಕ್ಕ ತಪಾಸಣೆ ಕಚೇರಿ ಆ ಭಾಗದ ನಾಲ್ಕು ವಿಷದ ಗುಂಡಿ ನೋಡಿದ್ರೆ ಮೂರು ಕಪ್ಪು ಜನ ಹೆಚ್ಚಿರೋ ಕಡೆನೇ ಇದ್ವು.

ಇನ್ನು ನೀವು ಮಾಡ್ಬೋದಾದ್ದು. ಗ್ರಾಮ ಸಭೆ ಕರೆಸಿ, ಅಲ್ಲಿ ಚರ್ಚೆ ಆಗಿದ್ದೆಲ್ಲಾ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೀ ಬಾಯ್ಮಾತಾದ್ರೆ ಗಾಳಿಗೆ ಹೋಗುತ್ತೆ. 2016ರ ಘನತ್ಯಾಜ್ಯ ನಿಯಮದ ಪ್ರಕಾರ ಕಸದ ಗುಂಡಿ ನದಿಯಿಂದ 100 ಮೀಟರ್, ಕೆರೆ ಕುಂಟೆ, ಹೆದ್ದಾರಿ, ಜನವಸತಿ, ಕುಡಿಯೋ ನೀರಿನ ಬಾವಿಯಿಂದ 200 ಮೀಟರ್ ದೂರ ಇರ್ಬೇಕು ಅಂತಿತ್ತು. ಟೇಪ್ ಹಿಡಿದು ಅಳೀರಿ, ಫೋಟೋ ತೆಗೀರಿ, ಆಮೇಲೆ ಈಗ ಜಾರಿಯಲ್ಲಿರೋ ನಿಯಮ ಏನು ಹೇಳುತ್ತೆ ಅಂತ ವಕೀಲರ ಹತ್ರ ನೋಡಿಸಿ. ಮಾಲಿನ್ಯ ನಿಯಂತ್ರಣ ಮಂಡಳಿ ಆ ಜಾಗಕ್ಕೆ ಅನುಮತಿ ಕೊಟ್ಟಿದ್ಯಾ, ಯಾವ ಷರತ್ತಲ್ಲಿ ಅಂತ ಆರ್‌ಟಿಐ ಹಾಕಿ. ಬಾವಿ ನೀರನ್ನ ಈಗ್ಲೇ, ಕಸ ಬೀಳೋ ಮುಂಚೆನೇ, ಟೆಸ್ಟ್ ಮಾಡಿಸಿ ರಿಪೋರ್ಟು ಭದ್ರವಾಗಿಡಿ. ನಾಳೆ ನೀರು ಕೆಟ್ರೆ "ಮುಂಚೆನೂ ಹಿಂಗೇ ಇತ್ತು" ಅನ್ನೋಕಾಗ್ಬಾರ್ದು, ಎಷ್ಟೋ ಊರು ಸೋತಿರೋದು ಇದೊಂದು ಕಾಗದ ಇಲ್ಲದೆ. ವಕೀಲರಿಗೆ ದುಡ್ಡಿಲ್ಲ ಅಂತ ಕೂರ್ಬೇಡಿ, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದೋರು ಆದಾಯ ಎಷ್ಟೇ ಇದ್ರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನ ಕೇಳ್ಬೋದು. ನಿಮ್ಮೂರಲ್ಲಿ ಇಬ್ಬರು ಅಕ್ಕಂದಿರು ಮುಂದೆ ನಿಂತ್ರೆ ಸಾಕು.

ಇನ್ನೊಂದು ಮಾತು, ಸಿಟಿಯೋರನ್ನೆಲ್ಲಾ ಶತ್ರು ಅಂದ್ಕೋಬೇಡಿ. ಮೇಲೆ ಪತ್ರ ಬರೆದಿದಾರಲ್ಲ ಸೆಕ್ರೆಟರಿ ಮೇಡಂ, ಅವರು ಹಸಿ ಕಸ ಅಲ್ಲೇ ಗೊಬ್ಬರ ಮಾಡಿದ್ರೆ ನಿಮ್ಮೂರಿಗೆ ಬರೋ ಲಾರಿ ಕಮ್ಮಿ. ಗುಂಡೀಲಿ ನಾರೋದು, ರಸ ಇಳಿಸೋದು ಹಸಿ ಕಸಾನೇ. ಇಂಥೋರನ್ನ ಒಂದು ಬಸ್ ಮಾಡಿ ನಿಮ್ಮೂರಿಗೆ ಕರೆಸಿ, ಕ್ವಾರಿ ಅಂಚಲ್ಲಿ ನಿಲ್ಲಿಸಿ. ಭಾಷಣ ಬೇಡ, ಗಾಳಿ ಬೀಸೋ ಕಡೆ ನಿಲ್ಲಿಸಿ ಸಾಕು.

ಸ್ಕೂಲಿಗೆ ಬಣ್ಣ ಬೇಕಾದ್ರೆ ಹೊಡಿಸ್ಕೊಳ್ಳಿ, ಅದಕ್ಕೆ ಬೇರೆ ರಸೀದಿ, ಕ್ವಾರಿಗೆ ಬೇರೆ ಮಾತು. ಎರಡನ್ನೂ ಒಂದೇ ಪೇಪರಲ್ಲಿ ತಂದಿದಾರೆ ಅಂದ್ರೆ ಬಣ್ಣದ ರೇಟು ಸ್ವಲ್ಪ ಜಾಸ್ತಿನೇ ಬಿತ್ತು ಅಂತ ತಿಳ್ಕೊಳ್ಳಿ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ಮಜ್ಜ ತಾ ಹುಡುಗ ಇದ್ದಾಗ ಕುಸನೂರಾಗ ನೀಲಗಿರಿ ಸಸಿ ಕಿತ್ತು ಒಗದ್ದೆ, ಪೊಲೀಸ್ರು ಹಿಡಕೊಂಡ ಹೋಗಿದ್ರು ಅಂತ ಹೇಳ್ತಾನ್ರಿ. ಗಿಡಾ ಹಚ್ಚೂದು ಪರಿಸರಾ ಉಳಸೂದು ಅಂತ ಸಾಲ್ಯಾಗ ಕಲಸ್ಯಾರ, ಕಿತ್ತಿದ್ದು ಹ್ಯಾಂಗ ಛಲೋ ಕೆಲಸ ಆತ್ರಿ?
– ಪಿಯು ವಿದ್ಯಾರ್ಥಿ, ಹಾನಗಲ್ಲ ತಾಲೂಕು

ಉತ್ತರ: ಏನ್ ಪ್ರಶ್ನೆ ಕೇಳಿದ್ಯಪ್ಪಾ! ಅಜ್ಜನ ವಯಸ್ಸಿನ ಲೆಕ್ಕ ಸ್ವಲ್ಪ ಆಚೆ ಈಚೆ ಇದೆ, ಅಷ್ಟು ಹುಡುಗ ಏನೂ ಆಗಿರ್ಲಿಲ್ಲ ಅನ್ಸುತ್ತೆ, ಆದ್ರೆ ಕತೆ ನಿಜ. 1987ರ ನವೆಂಬರ್ 14, ಕುಸನೂರಿನ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ.

ಆಗ ಸರ್ಕಾರ ಮತ್ತೆ ಹರಿಹರದ ಹತ್ರದ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಕಂಪನಿ ಮಾಡಿದ್ವು, ಅದಕ್ಕೆ ಸುಮಾರು 75 ಸಾವಿರ ಎಕರೆ ಗೋಮಾಳ, ಗುಡ್ಡದಂಥ ಜಮೀನು ಕೊಟ್ಟು ನೀಲಗಿರಿ ಬೆಳೆಯೋದು, ಅದ್ರಿಂದ ರೇಯಾನ್ ನಾರಿಗೆ ಬೇಕಾದ ಪಲ್ಪ್ ಮಾಡೋದು ಅಂತ ಲೆಕ್ಕ. ಕಾಗದದ ಮೇಲೆ ಅದು ಪಾಳು ಜಮೀನು. ಆದ್ರೆ ಪಾಳು ಅಂತ ಬರೆದಿದ್ದ ಆ ಜಾಗದಲ್ಲೇ ದನ ಮೇಯ್ತಿದ್ವು, ಉರುವಲು, ಹುಲ್ಲು, ಹಣ್ಣು ಸಿಗ್ತಿತ್ತು, ಜಮೀನಿಲ್ಲದ ಮನೆಯೋರಿಗೆ ಅದೇ ಜಮೀನು. ನೀಲಗಿರಿ ಎಲೆ ಯಾವ ದನಾನೂ ಮೂಸಲ್ಲ. ಅದಕ್ಕೇ ಜನ ಏನ್ ಮಾಡಿದ್ರು ಅಂದ್ರೆ, ಊರು ಪೂರ್ತಿ ಕಿತ್ತು ಎಸೀಲಿಲ್ಲ, ಲೆಕ್ಕ ಇಟ್ಟು ನೂರು ನೀಲಗಿರಿ ಸಸಿ ಕಿತ್ರು, ಅದೇ ಜಾಗದಲ್ಲಿ ಜನಕ್ಕೆ ಬೇಕಾದ ಸಸಿ ಹಚ್ಚಿದ್ರು. ಕೀಳೋದು ಒಂದು ಕೈ, ಹಚ್ಚೋದು ಇನ್ನೊಂದು ಕೈ. ಹೆಸರಲ್ಲೇ ಎರಡೂ ಇದೆ ನೋಡು.

ಇದ್ರಲ್ಲಿ ನನಗೆ ಇಷ್ಟ ಆಗೋದು ಯಾರ್ಯಾರು ಸೇರಿದ್ರು ಅನ್ನೋದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದೋರು ಕಾಗದಪತ್ರ, ಕೋರ್ಟು, ಪತ್ರಿಕೆ ನೋಡ್ಕೊಂಡ್ರು, ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಅರ್ಜೀಲಿ ಸೇರಿದ್ರು, ಸಸಿ ಕಿತ್ತು ವ್ಯಾನು ಹತ್ತಿದ್ದು ಮಾತ್ರ ನಿಮ್ಮ ಅಜ್ಜನಂಥೋರು. ಕಾರಂತರ ಹೆಸರಿಲ್ಲದಿದ್ರೆ ದಿಲ್ಲೀಲಿ ಯಾರೂ ಅಷ್ಟು ಬೇಗ ಕೇಳ್ತಿರ್ಲಿಲ್ಲವೋ ಏನೋ, ಆದ್ರೆ ಊರೋರಿಲ್ಲದಿದ್ರೆ ಕೇಳೋಕೆ ವಿಷ್ಯಾನೇ ಇರ್ತಿರ್ಲಿಲ್ಲ. 1991ಕ್ಕೆ ಆ ಕಂಪನಿ ಮುಚ್ಚಿತು.

ಗಿಡ ಹಚ್ಚೋದು ಒಳ್ಳೇದೇ. ಯಾರ ನೆಲ, ಯಾವ ಗಿಡ, ಯಾರಿಗೆ ಅಂತ ಸಾಲೇಲಿ ಕೇಳು, ಮೇಷ್ಟ್ರು ಬೈದ್ರೆ ಅಜ್ಜನ ಹೆಸರು ಹೇಳು. ಮತ್ತೆ ಅಜ್ಜನ ಹತ್ರ ಕೂತು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೋ, ಆವತ್ತು ಊಟಕ್ಕೆ ಏನಿತ್ತು, ಯಾರ ಮನೆಯಿಂದ ಬುತ್ತಿ ಬಂತು ಎಲ್ಲಾ ಕೇಳು, ಅದ್ಯಾವ್ದೂ ಕೋರ್ಟಿನ ದಾಖಲೇಲಿ ಇಲ್ಲ.

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೆ (ಅವರ ಹಾಡಿಗೆ) ಸರ್ವೆಗೆ ಹೋಗಿದ್ದೆ. ನಲವತ್ತು ಪ್ರಶ್ನೆಯ ಫಾರಂ ನೋಡಿ ಒಬ್ಬ ಹಿರಿಯರು "ಹೋದ್ ವರ್ಷ ಬಂದಿದ್ದೋರೂ ಇದನ್ನೇ ಕೇಳುದ್ರು, ಅವ್ರೇನ್ ಬರ್ಕೊಂಡ್ರೋ ನಮ್ಗೆ ತೋರುಸ್ನಿಲ್ಲ" ಅಂತ ಎದ್ದು ಹೋದ್ರು. ಏನ್ ಮಾಡ್ಲಿ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಆ ಅಜ್ಜ ಹೇಳಿದ್ದಕ್ಕಿಂತ ಚೆನ್ನಾಗಿ ನಿಮ್ಮ ಗೈಡೂ ಹೇಳಲ್ಲ ಬಿಡಿ. ಫಾರಂ ಬದಿಗಿಡಿ, ಅದೇ ಬೆಟ್ಟದಲ್ಲಿ ಮುಂಚೆ ಏನಾಯ್ತು ನೋಡಿ. 1974ರಲ್ಲಿ ವನ್ಯಧಾಮ ಅಂತ ಆದ್ಮೇಲೆ ಸೋಲಿಗರ ಬೇಸಾಯ, ಬೇಟೆ, ತರಗು ಬೆಂಕಿ ಎಲ್ಲಾ ಬಂದ್. ತರಗು ಬೆಂಕಿ ಅಂದ್ರೆ ಬೇಸಿಗೆ ಮುಂಚೆ ಒಣ ಎಲೆಗೆ ಹಾಕ್ತಿದ್ದ ಸಣ್ಣ ಬೆಂಕಿ. ಅದು ನಿಂತ್ಮೇಲೇ ಲಂಟಾನ ಹಬ್ಬಿದ್ದು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನೋ ಬಂದಳಿಕೆ ಜಾಸ್ತಿ ಆಗಿದ್ದು ಅಂತ ಅವರು ವರ್ಷಗಟ್ಟಲೆ ಹೇಳ್ತಾನೇ ಬಂದ್ರು. ವಿಜ್ಞಾನಿಗಳು ಆ ಮಾತನ್ನ ಕಿವಿಗೆ ಹಾಕ್ಕೊಂಡು ಪರೀಕ್ಷೆ ಮಾಡೋಕೆ ಹೊರಟಿದ್ದು ಆಮೇಲೆ.

ಮತ್ತೊಂದು, ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯೋರು ಸೋಲಿಗರ ಜೊತೆ ಕಾಡು ಸುತ್ತಿ ಅವರ ಪವಿತ್ರ ಜಾಗಗಳ ನಕ್ಷೆ ಮಾಡಿದ್ರು. ಹಿರಿಯರು ಮುಂದೆ, ಜಿಪಿಎಸ್ ಹಿಡಿದೋರು ಹಿಂದೆ. ಒಂದೊಂದು ಕುಲದ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ತರದ ಜಾಗ, ನೂರಾರು. ಇಲಾಖೆ ನಕ್ಷೇಲಿ ಹೆಸರೇ ಇಲ್ಲದ ಕಡೆ ಇವರ ನಕ್ಷೇಲಿ ಕಾಲಿಡೋಕೆ ಜಾಗ ಇಲ್ಲದಷ್ಟು ಹೆಸರು. ಕಾಡಲ್ಲಿ ತಲೆಮಾರಿನಿಂದ ಇರೋರ ಹಕ್ಕು ಒಪ್ಪೋ ಅರಣ್ಯ ಹಕ್ಕು ಕಾಯ್ದೆ 2006ರದ್ದು, 2011ರಲ್ಲಿ ಬಿಆರ್‌ಟಿ, ಅಂದ್ರೆ ಇದೇ ಬಿಳಿಗಿರಿರಂಗನ ಬೆಟ್ಟ, ಹುಲಿ ಅಭಯಾರಣ್ಯ ಆಯ್ತು, ಅದೇ ವರ್ಷ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರಾನೂ ಸಿಕ್ತು. ಇಂಥ ನಕ್ಷೆ ಕೈಲಿದ್ರೆ "ಇಲ್ಲಿ ನಮ್ಮೋರು ಇದ್ರು" ಅನ್ನೋದಕ್ಕೆ ಬಾಯ್ಮಾತಿನ ಜೊತೆ ಕಾಗದಾನೂ ಇರುತ್ತೆ.

ನೀವು ವಾಪಸ್ ಹೋಗಿ, ಫಾರಂ ಇಲ್ಲದೆ. ಹಿಂದಿನೋರು ಬರೆದ ವರದಿ ಹುಡುಕಿ, ಕನ್ನಡದಲ್ಲಿ ಎರಡು ಪುಟ ಮಾಡಿ ಆ ಅಜ್ಜನಿಗೆ ಓದಿ ಹೇಳಿ. ತಪ್ಪಿದ್ರೆ ಅವರೇ ತಿದ್ತಾರೆ. ಆಮೇಲೆ "ನಿಮಗೆ ಏನ್ ಗೊತ್ತಾಗ್ಬೇಕೋ ನೀವು ಕೇಳಿ, ನಮಗೆ ಏನ್ ಗೊತ್ತಾಗ್ಬೇಕೋ ನಾವು ಕೇಳ್ತೀವಿ" ಅನ್ನೋ ಮಾತು ಅವರಿಂದ ಬರ್ಬೋದು, ಬರದೇನೂ ಇರ್ಬೋದು. ಬರದಿದ್ರೆ ಬೇರೆ ವಿಷ್ಯ ತಗೊಳ್ಳಿ, ಡಿಗ್ರಿ ಎಲ್ಲೂ ಓಡಿ ಹೋಗಲ್ಲ.

ಪ್ರಶ್ನೆ: ನೀವು ಒಂದ್ಸಲ ಹಾಲಿನ ಪ್ಯಾಕೆಟ್ ಮೂಲೆ ಪೂರ್ತಿ ಕತ್ತರಿಸ್ಬೇಡಿ ಅಂತ ಬರೆದಿದ್ರಿ. ಯಾಕೆ ಅಂತ ಹೇಳ್ಲಿಲ್ಲ. ಮನೇಲಿ ಇದಕ್ಕೆ ಜಗಳ ಆಗ್ತಿದೆ.
– ಗೃಹಿಣಿ, ತುಮಕೂರು

ಉತ್ತರ: ಹೌದಲ್ವಾ, ಬರೆದು ಮರ್ತೇಬಿಟ್ಟೆ. ಆ ಉಗುರಿನಷ್ಟು ಮೂಲೆ ಚೂರು ಸಿಂಕಿಗೆ ಹೋಗುತ್ತೆ, ಇಲ್ಲಾ ತರಕಾರಿ ಸಿಪ್ಪೆ ಜೊತೆ ಹಸಿ ಕಸಕ್ಕೆ ಸೇರುತ್ತೆ, ಗೊಬ್ಬರದಲ್ಲಿ ಅದನ್ನ ಆರಿಸೋಕೆ ಯಾರ ಕೈಲೂ ಆಗಲ್ಲ. ಪೂರ್ತಿ ಕತ್ತರಿಸದೆ ಚೂರು ಅಂಟ್ಕೊಂಡಿರೋ ಹಾಗೆ ಬಿಡಿ, ಹಾಲು ಬಗ್ಗಿಸಿ, ಒಂದು ಲೋಟ ನೀರು ಹಾಕಿ ಕುಲುಕಿ ಆ ನೀರು ಗಿಡಕ್ಕೆ ಹಾಕಿ, ಪ್ಯಾಕೆಟ್‌ನ ನಲ್ಲಿಗೋ ಕಿಟಕಿ ಸರಳಿಗೋ ಸಿಕ್ಸಿ ಒಣಗಿಸಿ. ಒಣಗಿದ ಹಾಲಿನ ಪ್ಯಾಕೆಟ್ಟಿಗೆ ಗುಜರೀಲಿ ಒಳ್ಳೇ ಬೆಲೆ ಇದೆ, ಹಸಿ ಇದ್ರೆ ಎರಡೇ ದಿನಕ್ಕೆ ಹುಳ. ಶೆಡ್ಡಲ್ಲಿ ನಾನು ನೋಡಿದ ಅಕ್ಕ ಅಂಥದೊಂದು ಕಟ್ಟು ಬಿಚ್ಚಿದಾಗ ಬಂದ ವಾಸನೆಗೆ ನಾನು ಆಚೆ ಎದ್ದು ಹೋಗಿದ್ದೆ, ಅವರು ಕೂತೇ ಇದ್ರು. ಮೊಸರಿನ ಪ್ಯಾಕೆಟ್ಟಿಗೂ ಇದೇ ಮಾತು. ಮನೇಲಿ ಯಾರು ಕತ್ತರಿಸೋರೋ ಅವರಿಗೆ ಈ ಪುಟ ಕೊಡಿ.